ಮಾಂಬಳ್ಳಿಯ ವಿಮಾನಕ್ಕೆ ಸೆಲ್ಫ್ ಕೂರಿಸಿದ್ದು

ಕೊಳ್ಳೇಗಾಲದಲ್ಲಿ ಪುಟ್ಟಬಸಪ್ಪ ಎಂದು ಕೂಗಿದರೆ ಬೀದಿಗೆ ನಾಲ್ವರು ತಿರುಗಿ ನೋಡುತ್ತಾರೆ. ಸೆಲ್ಫ್ ಪುಟ್ಟಬಸಪ್ಪ ಎಂದರೆ ಮಾತ್ರ ಒಬ್ಬನೇ. ಲಾರಿಯೋ ಟ್ರ್ಯಾಕ್ಟರೋ ಕಾರೋ, ಕೀಲಿ ತಿರುಗಿಸಿದ ಕೂಡಲೇ ಮಲಗಿರುವ ಎಂಜಿನ್ನನ್ನು ಗರಗರ ತಿರುಗಿಸಿ ಎಬ್ಬಿಸುವ ಮೋಟರಿಗೆ ನಮ್ಮ ಕಡೆ ಸೆಲ್ಫ್ ಎನ್ನುತ್ತಾರೆ. ಅದನ್ನು ಬಿಚ್ಚಿ, ತೊಳೆದು, ಸವೆದದ್ದನ್ನು ಬದಲಿಸಿ, ಮತ್ತೆ ಕೂರಿಸುವುದರಲ್ಲೇ ಪುಟ್ಟಬಸಪ್ಪನ ಮೂವತ್ತೆಂಟು ವರ್ಷ ಕಳೆದಿವೆ. ಹನೂರಿನ ಬೋರ್‌ವೆಲ್ ಲಾರಿಯವರು, ಮುಳ್ಳೂರು, ಧನಗೆರೆಯ ಟ್ರ್ಯಾಕ್ಟರಿನವರು, ಎಲ್ಲರೂ ಅವನನ್ನೇ ಹುಡುಕಿಕೊಂಡು ಬರುತ್ತಾರೆ. ಅವನಿಗೂ ಅದು ಗೊತ್ತು. ಗೊತ್ತಿರುವುದನ್ನು ಬಚ್ಚಿಟ್ಟುಕೊಳ್ಳುವ ಮನುಷ್ಯನೂ ಅಲ್ಲ.

"ನನ್ ಕೈಯಿಂದ ಓದ ಸೆಲ್ಫು ಮತ್ತೆ ನನ್ ಅಂಗ್ಡಿ ಮೆಟ್ಲು ಅತ್ತಾಕಿಲ್ಲ ಕಣ್ರಿ," ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ.

ಹೋದ ಸಂಕ್ರಾಂತಿಯವರೆಗೂ ಆ ಮಾತು ನಿಜವಾಗಿತ್ತು. ಸಂಕ್ರಾಂತಿ ಕಳೆದ ಮೇಲೆ ಒಂದು ಸೆಲ್ಫು ಅದೇ ಮೆಟ್ಟಿಲನ್ನು ಒಂದಲ್ಲ ಎರಡಲ್ಲ, ಮೂರು ಸಲ ಹತ್ತಿತು. ನಾಲ್ಕನೆಯ ಸಲ ಅದೂ ಬೇಡವೆಂದು ಪುಟ್ಟಬಸಪ್ಪನೇ ಹೊಸ ಸೆಲ್ಫು ತರಿಸಿ ಕೂರಿಸಿ ಬಂದ. ಅದೂ ಒಂಬತ್ತನೇ ದಿನಕ್ಕೆ ಮಲಗಿತು. ಯಾವ ಲಾರಿಯದೋ ಆಗಿದ್ದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಇದು ವಿಮಾನದ್ದು.

ವಿಮಾನ ಎಂದರೆ ನಿಜವಾದ ವಿಮಾನವೇ. ಮಾಂಬಳ್ಳಿಯ ಶಾಂತರಾಜು ವಾಯುಸೇನೆಯಲ್ಲಿ ವಿಮಾನದ ಮೈ ರಿಪೇರಿ ಮಾಡುವ ಕೆಲಸದಲ್ಲಿದ್ದು ನಿವೃತ್ತನಾಗಿ ಬಂದವನು. ಊರಿನವರಿಗೆ ಎಲ್ಲ ಪಡೆಯೂ ಒಂದೇ ಆದ್ದರಿಂದ ಅವನು ಮಿಲ್ಟ್ರಿ ಶಾಂತರಾಜು. ಮುಚ್ಚಿಹೋಗಿದ್ದ ಒಂದು ರೇಷ್ಮೆ ನೂಲು ತೆಗೆಯುವ ಶೆಡ್ಡು ಬಾಡಿಗೆಗೆ ಹಿಡಿದು, ಏಳು ವರ್ಷ ಅಲ್ಯೂಮಿನಿಯಂ ತಗಡು ಕತ್ತರಿಸಿ, ರಿವೆಟ್ ಹೊಡೆದು, ಇಬ್ಬರು ಕೂರುವಷ್ಟು ದೊಡ್ಡದೊಂದು ವಿಮಾನ ಕಟ್ಟಿದ್ದ. ಮೂತಿಗೆ ಹಳೆಯ ಕಾರೊಂದರ ಎಂಜಿನ್ನು. ಮೊದಮೊದಲು ಊರಿನವರು ಶೆಡ್ಡಿನ ಕಿಟಕಿಯಲ್ಲಿ ಇಣುಕಿ ನಕ್ಕು ಹೋಗುತ್ತಿದ್ದರು. ರೆಕ್ಕೆ ಎದ್ದು ನಿಂತ ಮೇಲೆ ನಗುವುದನ್ನು ಬಿಟ್ಟರು. ಎಲ್ಲವೂ ಮುಗಿದಿತ್ತು. ಎಂಜಿನ್ನು ಏಳುವುದೊಂದು ಬಾಕಿ. ಎಬ್ಬಿಸಬೇಕಾದ್ದು ಸೆಲ್ಫು. ಸೆಲ್ಫು ಎಂದಮೇಲೆ ಕೊಳ್ಳೇಗಾಲಕ್ಕೆ ಬರಲೇಬೇಕಲ್ಲ.

ಮೊದಲ ಸಲ ಬಂದಾಗ ಪುಟ್ಟಬಸಪ್ಪ ಅದನ್ನು ಅಂಗೈಯಲ್ಲಿ ತೂಗಿ ನೋಡಿ, "ಇದೇನ್ ಸಾ, ಮಕ್ಕಳಾಟ್ದ ಸಾಮಾನ್ ಇದ್ದಂಗದೆ," ಎಂದು ನಕ್ಕಿದ್ದ. ಒಳಗೆ ಉಜ್ಜುತ್ತಾ ಕರೆಂಟು ದಾಟಿಸುವ ಕಾರ್ಬನ್ ತುಂಡು ಸವೆದಿತ್ತು. ಬದಲಿಸಿದ. ಅಂಗಡಿಯ ಬೆಂಚಿನ ಮೇಲೆ ಬ್ಯಾಟರಿಗೆ ಹಚ್ಚಿದ, ಜುಯ್ಯೆಂದು ತಿರುಗಿತು. ತಾನೇ ಮೊಪೆಡ್ಡಿನಲ್ಲಿ ಮಾಂಬಳ್ಳಿಗೆ ಹೋಗಿ ಕೂರಿಸಿದ.

ಕೂರಿಸುವಾಗ ಅವನದೊಂದು ಪದ್ಧತಿ ಇದೆ. ಬೆಳಿಗ್ಗೆ ಹಣೆಗೆ ಹಚ್ಚಿಕೊಳ್ಳುವ ವಿಭೂತಿ ಗಟ್ಟಿಯ ಒಂದು ತುಂಡು ಸದಾ ಅವನ ಜೇಬಿನಲ್ಲಿರುತ್ತದೆ. ಕೆಲಸ ಮುಗಿದ ಸೆಲ್ಫಿಗೆ, ಬೆರಳು ಒದ್ದೆ ಮಾಡಿಕೊಂಡು ಮೂರು ಪಟ್ಟೆ ಎಳೆಯಬೇಕು. ಎಳೆಯದೆ ಅವನು ಒಂದು ಸೆಲ್ಫನ್ನೂ ಕಳಿಸಿದವನಲ್ಲ. ಸಾಬರ ಲಾರಿಗೂ ಪಟ್ಟೆ, ಚರ್ಚಿನವರ ಜೀಪಿಗೂ ಪಟ್ಟೆ, ಯಾರೂ ಬೇಡ ಎಂದಿರಲಿಲ್ಲ. ಈ ವಿಮಾನದ ಸೆಲ್ಫೋ ಗೇಣುದ್ದದ್ದು, ಎಂಜಿನ್ನಿನ ಸಂದಿಯಲ್ಲಿ ಹುದುಗಿ ಕೂರುವಂಥದ್ದು. ಪಟ್ಟೆಗೆ ಜಾಗವೇ ಇಲ್ಲ. ಪಕ್ಕದಲ್ಲೇ ಎಂಜಿನ್ನು ಕೂರುವ ಅಲ್ಯೂಮಿನಿಯಂ ಹಲಗೆ ಬೆಳ್ಳಗೆ ಹೊಳೆಯುತ್ತಿತ್ತು. ಕರೆಂಟು ಬ್ಯಾಟರಿಗೆ ಮರಳುವ ಅರ್ಥ್ ವೈರು ಬಂದು ಬೋಲ್ಟಿನಡಿ ಕೂರುವುದು ಅಲ್ಲಿಯೇ. ಪುಟ್ಟಬಸಪ್ಪ ಅಲ್ಲಿ ಪಟ್ಟೆ ಎಳೆದು, ಅದರ ಮೇಲೆಯೇ ವೈರಿನ ತಾಮ್ರದ ಬಳೆ ಇಟ್ಟು, ಬೋಲ್ಟು ಬಿಗಿದ. ಬೋಲ್ಟಿನಡಿ ಇದ್ದರೆ ಗಾಳಿಗೆ ಹಾರುವುದಿಲ್ಲ, ಯಾರ ಕೈಗೂ ಒರೆಸಿಹೋಗುವುದಿಲ್ಲ ಎಂದು ತನ್ನ ಜಾಣತನಕ್ಕೆ ತಾನೇ ಸಂತೋಷಪಟ್ಟ.

"ಈ ಬೋಲ್ಟ್‌ಗೆ ನನ್ ಕೈ ಬುಟ್ರೆ ಇನ್ಯಾರ್ ಕೈನೂ ಬೀಳ್ಬಾರ್ದು ಸಾ. ಗ್ಯಾರಂಟಿ ನಂದು."

ಶಾಂತರಾಜು ಆ ಪಟ್ಟೆಯನ್ನೂ ಬೋಲ್ಟನ್ನೂ ನೋಡಿದ. ಏನೋ ಹೇಳಲು ಬಾಯಿ ತೆರೆದವನು ಹೇಳದೆ, "ಆಗ್ಲಿ ಅಣ್ಣ," ಎಂದ.

ಎಂಜಿನ್ನು ಒಂದೇ ಒತ್ತಿಗೆ ಎದ್ದಿತು. ಹತ್ತು ದಿನ ಚೆನ್ನಾಗಿತ್ತು. ಹನ್ನೊಂದನೇ ದಿನ ಬಟನ್ ಒತ್ತಿದರೆ ಟಕ್ ಎಂದಿತು, ಅಷ್ಟೇ.

ಅಲ್ಲಿಂದ ಶುರುವಾಯಿತು ಪುಟ್ಟಬಸಪ್ಪನ ಗ್ರಹಚಾರ. ಎರಡನೇ ಸಲ ಒಳಗಿನ ಅಚ್ಚು ಕೂರುವ ಬುಶ್ಶು ಬದಲಿಸಿದ. ಮೂರನೇ ಸಲ ಸೆಲ್ಫಿನ ಬೆನ್ನ ಮೇಲಿನ ಸ್ವಿಚ್ಚೇ ಬದಲಾಯಿತು. ನಾಲ್ಕನೇ ಸಲ ಇಡೀ ಸೆಲ್ಫು. ಪ್ರತಿ ಸಲವೂ ಬೆಂಚಿನ ಮೇಲೆ ಸಿಂಹದ ಹಾಗೆ ತಿರುಗುತ್ತಿತ್ತು, ವಿಮಾನಕ್ಕೆ ಕೂರಿಸಿದರೆ ಒಂದು ವಾರ ಹತ್ತು ದಿನ ಬಾಳುತ್ತಿತ್ತು, ಆಮೇಲೆ ಟಕ್. ಒಂದು ಸಲವೂ ಹತ್ತು ದಿನದ ಮೇಲೆ ಎರಡು ದಿನ ಹೆಚ್ಚಿಗೆ ಬಾಳಿದ್ದಿಲ್ಲ. ಕರೆಂಟು ಹರಿಯುವುದನ್ನು ತೋರಿಸುವ ಟೆಸ್ಟ್ ಲ್ಯಾಂಪು ಹಚ್ಚಿ ನೋಡಿದರೆ ಎಲ್ಲಿ ಉರಿಯಬೇಕೋ ಅಲ್ಲೆಲ್ಲ ಉರಿಯುತ್ತಿತ್ತು. ಮೂವತ್ತೆಂಟು ವರ್ಷ ಅವನು ಹೆಂಡತಿಯ ಮಾತಿಗಿಂತ ಹೆಚ್ಚು ನಂಬಿದ್ದು ಆ ಲ್ಯಾಂಪನ್ನು. ಅದು ಸರಿ ಎನ್ನುತ್ತಿತ್ತು, ಸೆಲ್ಫು ಒಲ್ಲೆ ಎನ್ನುತ್ತಿತ್ತು. ನಡುವೆ ಪುಟ್ಟಬಸಪ್ಪ ಕೆಂಡವಾಗುತ್ತಿದ್ದ.

ಸಿಟ್ಟನ್ನು ಎಲ್ಲಿ ತೀರಿಸುವುದು? ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾಯಿತೆಂದು ತಟ್ಟೆ ದೂಡಿದ. ಅವನ ಹೆಂಡತಿ ಪುಟ್ಟಮಲ್ಲಮ್ಮ ತಟ್ಟೆಯನ್ನು ಮತ್ತೆ ಅವನ ಮುಂದಕ್ಕೆ ತಳ್ಳಿ, "ಸಾರ್ ಸರ್‍ಯಾಗೇ ಅದೆ. ನಿಮ್ ಇಮಾನ ಏಳ್ದೆ ಓದ್ರೆ ನಾನೇನ್ ಮಾಡ್ನಿ? ಉಣ್ಣಿ ಸುಮ್ಕೆ," ಎಂದಳು. ಅವನು ಉಂಡ. ಸಾರು ಸರಿಯಾಗಿಯೇ ಇತ್ತು, ಅದಕ್ಕೂ ಸಿಟ್ಟು ಬಂತು.

ಆದರೆ ಅವನನ್ನು ನಿಜವಾಗಿ ತಿನ್ನುತ್ತಿದ್ದದ್ದು ಹೆಸರು ಹೋಗುವ ಚಿಂತೆಯಲ್ಲ. ಮೇ ತಿಂಗಳ ಒಂದು ಶುಕ್ರವಾರ ಶಾಂತರಾಜು ಫೋನು ಮಾಡಿದ್ದ. ಬೆಂಗಳೂರಿನ ಕಡೆಯ ಯಾವುದೋ ಫ್ಲೈಯಿಂಗ್ ಕ್ಲಬ್ಬಿನಿಂದ ಇಬ್ಬರು ಸೋಮವಾರ ವಿಮಾನ ನೋಡಲು ಬರುತ್ತಾರಂತೆ. ಎಂಜಿನ್ನು ಅವರೆದುರು ಎದ್ದು ಅರ್ಧ ಗಂಟೆ ಓಡಿದರೆ ವಿಮಾನವನ್ನು ಹಾರಿಸಿ ನೋಡಲು ತಮ್ಮ ಮೈದಾನಕ್ಕೆ ಸೇರಿಸಿಕೊಳ್ಳುತ್ತಾರೆ. ಇಲ್ಲದಿದ್ದರೆ ಮುಂದಿನ ವರ್ಷದ ಮಾತು.

"ಸೆಲ್ಫ್ ಇಲ್ದಿದ್ರೂ ಪರ್ವಾಗಿಲ್ಲ ಬುಡಿ ಅಣ್ಣ," ಎಂದಿದ್ದ ಶಾಂತರಾಜು. "ಇಂದ್ಲೋರು ಪ್ರೊಪೆಲ್ಲರ್ನ ಕೈಲೇ ತಿರುಗ್ಸಿ ಸ್ಟಾರ್ಟ್ ಮಾಡ್ತಿದ್ರು. ನಾನೂ ಅಂಗೇ ಮಾಡ್ತೀನಿ. ಬೆಳಗಿಂದ ಪ್ರಾಕ್ಟೀಸ್ ಮಾಡ್ತಾ ಇವ್ನಿ."

ಪುಟ್ಟಬಸಪ್ಪನಿಗೆ ತನ್ನ ಅಣ್ಣನ ಬಲಗೈ ನೆನಪಾಯಿತು.

ಅವನ ಅಣ್ಣ ಮಹದೇವು ಲಾರಿ ಕ್ಲೀನರ್ ಆಗಿದ್ದ. ಆ ಕಾಲದಲ್ಲಿ ಲಾರಿಯ ಸೆಲ್ಫು ಕೈಕೊಟ್ಟರೆ ಮುಂದೆ ಹ್ಯಾಂಡಲ್ ಸಿಕ್ಕಿಸಿ ಕೈಯಲ್ಲೇ ತಿರುಗಿಸಬೇಕು. ಹನೂರಿನ ಸಂತೆ ಬೀದಿಯಲ್ಲಿ ಒಂದು ಬೆಳಿಗ್ಗೆ ಹ್ಯಾಂಡಲ್ ಹಿಂದಕ್ಕೆ ಹೊಡೆಯಿತು. ಬಲ ಮಣಿಕಟ್ಟು ಪುಡಿಯಾಯಿತು. ಕೂಡಿಸಿದರು, ಸರಿಯಾಗಿ ಕೂಡಲಿಲ್ಲ. ಸಾಯುವವರೆಗೂ ಮಹದೇವು ಎಡಗೈಯಲ್ಲೇ ಉಂಡ. ಮದುವೆ ಮನೆಗಳಲ್ಲಿ ಯಾರಾದರೂ ಏನಾದರೂ ಅಂದಾರು ಎಂದು ಪಂಕ್ತಿಯ ಕೊನೆಯ ಎಲೆಗೆ ಹೋಗಿ, ಗೋಡೆಯ ಕಡೆ ತಿರುಗಿ ಕೂರುತ್ತಿದ್ದ. ಪುಟ್ಟಬಸಪ್ಪ ಎಷ್ಟೋ ಮದುವೆಗಳಲ್ಲಿ ಅವನ ಪಕ್ಕದ ಎಲೆಯಲ್ಲಿ ಕೂತು, ಅಣ್ಣನ ಎಡಗೈ ಯಾರಿಗೂ ಕಾಣದ ಹಾಗೆ ಅಡ್ಡ ಕೂತವನು. ಅವನು ಸೆಲ್ಫಿನ ಕೆಲಸ ಕಲಿಯಲು ಹೋದದ್ದೇ ಆ ಹ್ಯಾಂಡಲಿನ ಮೇಲಿನ ದ್ವೇಷಕ್ಕೆ. ತಾನು ಮುಟ್ಟಿದ ಗಾಡಿಯನ್ನು ಇನ್ನೊಬ್ಬರು ಕೈಯಲ್ಲಿ ತಿರುಗಿಸುವ ಹಾಗೆ ಆಗಬಾರದು, ಅಷ್ಟೇ ಅವನ ಹಟ. ಈಗ ನೋಡಿದರೆ ಲಾರಿಯ ಹ್ಯಾಂಡಲಿಗಿಂತ ಹತ್ತು ಪಾಲು ಕೆಟ್ಟದ್ದನ್ನು ಒಬ್ಬ ಅರವತ್ತೆರಡರ ಮನುಷ್ಯ ತಿರುಗಿಸಲು ಹೊರಟಿದ್ದಾನೆ, ಅದೂ ತನ್ನ ಸೆಲ್ಫು ಕೈಕೊಟ್ಟಿತು ಎಂದು.

"ಸಾ, ಆ ಫ್ಯಾನ್ ಮುಟ್ಟೀರಿ ಜೋಕೆ!" ಎಂದು ಫೋನಿನಲ್ಲಿ ಕಿರುಚಿದ. "ನಾಳೆ ಬೆಳಿಗ್ಗೆನೇ ಬತ್ತೀನಿ. ನಾನ್ ಬರಗಂಟ ಅದ್ನ ಮುಟ್ಟುದ್ರೆ ನನ್ ಮೇಲಾಣೆ!"

ಶನಿವಾರ ಹನೂರಿನ ಒಂದು ಲಾರಿ, ಎರಡು ಟ್ರ್ಯಾಕ್ಟರು ಅವನಿಗಾಗಿ ಕಾದಿದ್ದವು. ಕಾಯಲಿ ಎಂದು ಬಾಗಿಲು ಎಳೆದ. ಮೊಪೆಡ್ಡಿನ ಮುಂದೆ ಒಂದು ಲಾರಿ ಬ್ಯಾಟರಿ, ಹೆಗಲಿಗೆ ಬ್ಯಾಟರಿಯಿಂದ ಬ್ಯಾಟರಿಗೆ ಹಚ್ಚುವ ದಪ್ಪ ಕೇಬಲ್ಲುಗಳು. ದಾರಿಯುದ್ದಕ್ಕೂ ಸೆಲ್ಫನ್ನೂ, ಅದನ್ನು ಕಂಡುಹಿಡಿದವನನ್ನೂ, ಆಕಾಶದಲ್ಲಿ ಹಾರಬೇಕು ಎಂದು ಮೊದಲು ಆಸೆಪಟ್ಟವನನ್ನೂ ಬೈದುಕೊಂಡೇ ಹೋದ.

ಶೆಡ್ಡಿನಲ್ಲಿ ಶಾಂತರಾಜು ವಿಮಾನದ ಚಕ್ರಗಳಿಗೆ ಮರದ ದಿಮ್ಮಿ ಕೊಟ್ಟು ನಿಲ್ಲಿಸಿದ್ದ. ಅವನ ಹೆಂಡತಿ ಪ್ರೇಮಾ ಕಾಫಿ ತಂದಿಟ್ಟಳು. ಎಂದಿನಂತೆ ಕಾಗದದ ಲೋಟ. ಮೊದಲ ದಿನ ಪುಟ್ಟಬಸಪ್ಪ ತನ್ನ ನೀರಿನ ಬಾಟಲಿ ತಾನೇ ತಂದುಕೊಂಡು, "ಈಗ್ತಾನೆ ಕುಡ್ದು ಬಂದೆ ಕಣವ್ವ," ಎಂದಿದ್ದ. ನಿಜಕ್ಕೂ ಕುಡಿದೇ ಬಂದಿದ್ದ. ಅವತ್ತಿನಿಂದ ಕಾಗದದ ಲೋಟ ಬರತೊಡಗಿತ್ತು. ಅದೇಕೆ ಎಂದು ಅವನು ತಲೆ ಕೆಡಿಸಿಕೊಂಡಿರಲಿಲ್ಲ. ಇವತ್ತಂತೂ ಕಾಫಿಯ ಕಡೆ ನೋಡುವ ವ್ಯವಧಾನವೂ ಇರಲಿಲ್ಲ.

"ಬ್ಯಾಟ್ರಿನೇ ಸತ್ತದೆ ಸಾ. ಇನ್ನೇನೂ ಉಳ್ದಿಲ್ಲ," ಎಂದ.

"ಬ್ಯಾಟ್ರಿ ಚೆನ್ನಾಗದೆ ಅಣ್ಣ, ಮೀಟರ್ ಆಕಿ ನೋಡಿವ್ನಿ."

"ನಿಮ್ ಮೀಟ್ರು ಅತ್ಲಾಗಿಡಿ."

ವಿಮಾನದ ಬ್ಯಾಟರಿ ಸೀಟಿನ ಹಿಂದೆ ಕೈ ಹೋಗದ ಮೂಲೆಯಲ್ಲಿತ್ತು. ಅದರ ಗೊಡವೆಗೆ ಹೋಗದೆ, ತಂದ ಲಾರಿ ಬ್ಯಾಟರಿಯನ್ನು ನೆಲದ ಮೇಲಿಟ್ಟು, ಕೆಂಪು ಕೇಬಲ್ಲನ್ನು ಸೆಲ್ಫಿಗೂ ಕಪ್ಪು ಕೇಬಲ್ಲನ್ನು ನೇರವಾಗಿ ಎಂಜಿನ್ನಿನ ಮೈಗೂ ಕಚ್ಚಿಸಿದ. ಎಂಜಿನ್ನು ಏಳದಿರಲೆಂದು ಕಿಡಿ ಹಾರಿಸುವ ಪ್ಲಗ್ಗುಗಳನ್ನು ಮೊದಲೇ ಬಿಚ್ಚಿ ಇಟ್ಟಿದ್ದರು. ಶಾಂತರಾಜು ಸೀಟಿನಲ್ಲಿ ಕೂತು, ಶೆಡ್ಡಿನಲ್ಲಿ ಇರುವವರು ಇಬ್ಬರೇ ಆದರೂ, "ಕ್ಲಿಯರ್ ಪ್ರಾಪ್!" ಎಂದು, ಪ್ರೊಪೆಲ್ಲರಿನಿಂದ ದೂರ ಸರಿಯಿರಿ ಎನ್ನುವ ಎಚ್ಚರಿಕೆಯನ್ನು ಕವಾಯತಿನ ಹಾಗೆ ಕೂಗಿದ. ಬಟನ್ ಒತ್ತಿದ.

ಪ್ರೊಪೆಲ್ಲರು ರಪರಪನೆ ತಿರುಗಿತು.

"ನಾನ್ ಏಳ್ನಿಲ್ವಾ ಬ್ಯಾಟ್ರಿ ಅಂತ!" ಪುಟ್ಟಬಸಪ್ಪ ತೊಡೆ ತಟ್ಟಿದ. ಆದರೆ ತಟ್ಟಿದ ಕೈ ಅಲ್ಲೇ ನಿಂತಿತು. ಸಿಟ್ಟು ಎಷ್ಟಿದ್ದರೂ ಒಳಗಿನ ಮೆಕ್ಯಾನಿಕ್ಕು ಸತ್ತಿರಲಿಲ್ಲ. ಶಾಂತರಾಜು ಬ್ಯಾಟರಿ ಚೆನ್ನಾಗಿದೆ ಎಂದ. ಈ ಮನುಷ್ಯ ಮೀಟರಿನ ವಿಷಯದಲ್ಲಿ ಸುಳ್ಳು ಹೇಳುವವನಲ್ಲ. ಲಾರಿ ಬ್ಯಾಟರಿಯನ್ನು ಕಳಚಿದ. ಬರೀ ಕಪ್ಪು ಕೇಬಲ್ಲು ಇಟ್ಟುಕೊಂಡು, ಸೀಟಿನ ಹಿಂದಕ್ಕೆ ಭುಜದವರೆಗೆ ತೋಳು ತುರುಕಿ, ವಿಮಾನದ್ದೇ ಬ್ಯಾಟರಿಯ ಅರ್ಥ್ ತುದಿಗೆ ಒಂದು ಕಡೆ, ಎಂಜಿನ್ನಿನ ಮೈಗೆ ಇನ್ನೊಂದು ಕಡೆ ಕಚ್ಚಿಸಿದ.

"ಇನ್ನೊಂದ್ಸಲ ಒತ್ತಿ."

"ಕ್ಲಿಯರ್ ಪ್ರಾಪ್!"

"ಯಾರವ್ರೆ ಇಲ್ಲಿ, ಒತ್ತಿ ಸಾ!"

ಅಷ್ಟೇ ಜೋರಾಗಿ ತಿರುಗಿತು. ಹಾಗಾದರೆ ಬ್ಯಾಟರಿಯೂ ಸರಿ, ಸೆಲ್ಫೂ ಸರಿ. ಕೆಟ್ಟಿದ್ದು ನಡುವಿನ ಅರ್ಥ್. ಕಪ್ಪು ಕೇಬಲ್ಲು ತೆಗೆದು ಮತ್ತೆ ಒತ್ತಿಸಿದ. ಟಕ್. ಟಕ್ ಎಂದ ಮೇಲೆ ಅಲ್ಯೂಮಿನಿಯಂ ಹಲಗೆಯ ಮೇಲಿನ ಅರ್ಥ್ ಬೋಲ್ಟನ್ನು ಮುಟ್ಟಿ ನೋಡಿದ. ಚುರ್ ಎಂದಿತು. ಬೆರಳು ಬಾಯಿಗಿಟ್ಟುಕೊಂಡ. ಒಂದು ಸಣ್ಣ ಬಲ್ಬು ಉರಿಯಲು ಬೇಕಾದಷ್ಟು ಕರೆಂಟನ್ನು ಆ ಬೋಲ್ಟು ಹೇಗೋ ದಾಟಿಸುತ್ತಿತ್ತು, ಎಂಜಿನ್ನು ತಿರುಗಿಸುವಷ್ಟನ್ನು ಮಾತ್ರ ತಡೆದು ತಾನೇ ಕಾಯುತ್ತಿತ್ತು. ಮೂವತ್ತೆಂಟು ವರ್ಷ ನಂಬಿದ ಲ್ಯಾಂಪು ನಾಲ್ಕು ತಿಂಗಳಿಂದ ಅವನಿಗೆ ನಾಮ ಹಾಕಿತ್ತು.

ಬೋಲ್ಟು ಬಿಚ್ಚಿ ತಾಮ್ರದ ಬಳೆ ಎತ್ತಿದ. ಅಡಿಯಲ್ಲಿ ಬಿಳಿಯ ಪುಡಿ. ಹಿಂದಿನ ಮೂರು ಸಲವೂ ಇದನ್ನು ಕಂಡಿದ್ದ. ತಾನು ಹಚ್ಚಿದ ವಿಭೂತಿಯೇ ಒಣಗಿ ಉಳಿದಿದೆ ಎಂದು ತಿಳಿದು, ಒಂದು ಚಿಟಿಕೆ ಹಣೆಗೆ ಒತ್ತಿಕೊಂಡು, ಉಳಿದದ್ದನ್ನು ಎಮರಿ ಕಾಗದದಲ್ಲಿ ಉಜ್ಜಿ, ಹೊಸ ಪಟ್ಟೆ ಎಳೆದು, ಮತ್ತೆ ಬಿಗಿದಿದ್ದ. ಇವತ್ತು ಕನ್ನಡಕ ಹಾಕಿಕೊಂಡು ಶೆಡ್ಡಿನ ಬಾಗಿಲ ಬೆಳಕಿಗೆ ಬಗ್ಗಿ ನೋಡಿದ. ಪುಡಿ ಕೆರೆದಷ್ಟೂ ಬರುತ್ತಿತ್ತು. ಕೆರೆದಲ್ಲೆಲ್ಲ ಹುಳ ತಿಂದ ಹಲ್ಲಿನ ಹಾಗೆ ಗುಳಿ. ಗುಳಿಗಳು ಮೂರು ಸಾಲಾಗಿ ಇದ್ದವು.

ಅದು ಅವನ ಬೆರಳಿನ ಅಗಲ. ಯಾರೂ ಹೇಳಬೇಕಾಗಿರಲಿಲ್ಲ.

ಎಮರಿಯಲ್ಲಿ ಉಜ್ಜಿದ ಪುಣ್ಯಕ್ಕೆ ಪ್ರತಿ ಸಲ ಒಂದು ವಾರ ಹತ್ತು ದಿನ ಬಾಳಿತ್ತು. ಒದ್ದೆ ಬೂದಿ ತಗಡನ್ನು ತಿಂದ ಮೇಲೆ ಮತ್ತೆ ಟಕ್. ಸೆಲ್ಫಿಗೆ ಯಾವ ಕಾಯಿಲೆಯೂ ಇರಲಿಲ್ಲ. ಅವನು ಬದಲಿಸಿದ ಬುಶ್ಶು, ಸ್ವಿಚ್ಚು, ಹೊಸ ಸೆಲ್ಫು, ಎಲ್ಲ ದಂಡ. ಲಾರಿಯ ಕಬ್ಬಿಣದ ಮೈ ಮೇಲೆ ಏನೂ ಮಾಡದ ವಿಭೂತಿ ಇಲ್ಲಿ ನಾಲ್ಕು ತಿಂಗಳು ಕೂತು ತಗಡು ಮೇಯ್ದಿತ್ತು. ಪುಟ್ಟಬಸಪ್ಪನಿಗೆ ಅಳು ಬಂದ ಹಾಗಾಯಿತು. ಅಳುವುದು ಗೊತ್ತಿಲ್ಲದವನಾದ್ದರಿಂದ ಸ್ಪ್ಯಾನರನ್ನು ನೆಲಕ್ಕೆ ಎಸೆದ.

"ನಂದೇ ತಪ್ಪು ಸಾ. ಈಬೂತಿ ತಗ್ಡು ತಿಂದದೆ. ನೋಡ್ಬನ್ನಿ."

ಶಾಂತರಾಜು ಇಳಿದು ಬಂದ, ಆದರೆ ಬಗ್ಗಿ ನೋಡಲಿಲ್ಲ.

"ಊಂ ಅಣ್ಣ," ಎಂದ ಮೆಲ್ಲಗೆ. "ಅಲ್ಯೂಮಿನಿಯಂಗೆ ಒದ್ದೆ ಬೂದಿ ಆಗಾಕಿಲ್ಲ. ಮೇಲೆ ತಾಮ್ರ ಬ್ಯಾರೆ."

ಪುಟ್ಟಬಸಪ್ಪ ಕನ್ನಡಕ ತೆಗೆದು ಅವನನ್ನು ದಿಟ್ಟಿಸಿದ. "ನಿಮ್ಗೆ ಗೊತ್ತಿತ್ತಾ?"

"ಎಲ್ಡ್ನೇ ಸಲಕ್ಕೇ ಅನ್ಮಾನ ಬಂತು. ನಮ್ ಸರ್ವೀಸಲ್ಲಿ ಅರ್ಥ್ ಬೋಲ್ಟಿನಡಿ ಧೂಳೂ ಇರ್ಬಾರ್ದು, ಅದೇ ನಮ್ ಮೊದಲ್ನೇ ಪಾಠ."

"ಮತ್ಯಾಕೆ ಒರೆಸ್ನಿಲ್ಲ?"

ಶಾಂತರಾಜು ಕೈ ಒರೆಸುವ ಬಟ್ಟೆಯನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. "ನೀವ್ ಕಯ್ಯಾರ ಅಚ್ಚಿದ್ ಈಬೂತಿ. ನಮ್ ಕೇರಿಯವ್ನು ನಾನು ಒರೆಸುದ್ನಲ್ಲ ಅಂತ ಆಗ್ಬಾರ್ದು ಅಂದ್ಕಂಡೆ. ನೀವೇನೂ ಅಂತಿರ್ನಿಲ್ಲ. ನೋಡ್ದೋರು ಅಂತಿದ್ರು. ಮೂವತ್ತೊರ್ಷ ಯಾವ್ಯಾವ್ದೋ ದೇಸ್ದಲ್ಲಿ ಇದ್ದು ಬಂದ್ರೂ ಈ ಒಂದು ಭಯ ಇಲ್ಲೇ ನನ್ಗೆ ಕಾಯ್ತಾ ಕೂತಿತ್ತು."

ಪುಟ್ಟಬಸಪ್ಪನ ಕಣ್ಣು ಆರಿಹೋದ ಕಾಫಿಯ ಕಾಗದದ ಲೋಟದ ಮೇಲೆ ಬಿತ್ತು. ತಾನು ತಂದುಕೊಂಡ ನೀರಿನ ಬಾಟಲಿ ನೆನಪಾಯಿತು. ಈ ಜನ ಅದನ್ನು ಏನೆಂದು ಓದಿಕೊಂಡಿದ್ದರು ಎಂಬುದು ಆಗ ಹೊಳೆಯಿತು. ಹಾಗಲ್ಲ ಎಂದು ಹೇಳೋಣವೆಂದರೆ, ಹಾಗೆ ಒಂದಿಷ್ಟೂ ಅಲ್ಲವೆಂದು ಅವನ ಮನಸ್ಸೇ ಗಟ್ಟಿಯಾಗಿ ಹೇಳಲಿಲ್ಲ. ನಾಚಿಕೆಯಾಯಿತು. ನಾಚಿಕೆಯಾದಾಗಲೆಲ್ಲ ಅವನಿಗೆ ಸಿಟ್ಟು ಬರುತ್ತದೆ.

"ಅದ್ಕೆ ಕೈ ಕಳ್ಕಳಾಕೆ ಒಂಟಿದ್ರಾ? ಒಂದ್ ಮಾತ್ ಏಳಾಕೆ ಆಗ್ದೆ, ಆ ಫ್ಯಾನಿಗೆ ಕೈ ಕೊಡಾಕೆ ಒಂಟಿದ್ರಾ?"

ಶಾಂತರಾಜು ಮಡಿಸಿದ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಡ್ರಿಲ್ಲು ತರಲು ಹೋದ.

ಮತ್ತೆ ಕೆಲಸ ನಡೆಯಿತು. ಗುಳಿ ಬಿದ್ದ ಜಾಗ ಬಿಟ್ಟು ನಾಲ್ಕು ಬೆರಳು ಆಚೆಗೆ ಹೊಸ ತೂತು ಕೊರೆದರು. ಈ ಸಲ ಪುಟ್ಟಬಸಪ್ಪ ಎಮರಿ ಕಾಗದವನ್ನು ಶಾಂತರಾಜುವಿನ ಕೈಗೆ ಕೊಟ್ಟು, "ನಿಮ್ ಸರ್ವೀಸಲ್ಲಿ ಎಂಗೆ ಉಜ್ತಿದ್ರೋ ಅಂಗೇ ಉಜ್ಜಿ," ಎಂದ. ಅವನು ಕನ್ನಡಿಯಾಗುವವರೆಗೆ ಉಜ್ಜಿದ. ಬೋಲ್ಟನ್ನೂ ಪುಟ್ಟಬಸಪ್ಪ ಅವನ ಕೈಯಲ್ಲೇ ಬಿಗಿಸಿದ. ಜೇಬಿನ ವಿಭೂತಿಗೆ ಅಭ್ಯಾಸದಿಂದ ಹೋದ ತನ್ನ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಪ್ಲಗ್ಗುಗಳನ್ನು ಹಾಕಿ, ವಿಮಾನದ ಮೂತಿಯನ್ನು ಶೆಡ್ಡಿನ ಬಾಗಿಲಿನ ಹೊರಕ್ಕೆ ತಳ್ಳಿ, ಚಕ್ರಗಳಿಗೆ ಮತ್ತೆ ದಿಮ್ಮಿ ಕೊಟ್ಟರು.

"ಕ್ಲಿಯರ್ ಪ್ರಾಪ್!"

ಒಂದೇ ಒತ್ತು. ಸೆಲ್ಫು ಎಳೆಯಿತು, ಎಂಜಿನ್ನು ಗುಡುಗಿ ಎದ್ದಿತು, ಅಂಗಳದ ಧೂಳೆಲ್ಲ ಶೆಡ್ಡಿನೊಳಗೆ ನುಗ್ಗಿತು. ಪ್ರೇಮಾ ಸೆರಗಿನಿಂದ ಮುಖ ಮುಚ್ಚಿಕೊಂಡು ನಗುತ್ತಿದ್ದಳು. ಪುಟ್ಟಬಸಪ್ಪ ಮಾತ್ರ ನಗಲಿಲ್ಲ. ಎಂಜಿನ್ನು ಎದ್ದ ಮೇಲೆ ಅವನ ಸಿಟ್ಟೂ ಮತ್ತೆ ಎದ್ದಿತ್ತು. ಇಷ್ಟು ಸಣ್ಣ ಕೆಲಸಕ್ಕೆ ನಾಲ್ಕು ತಿಂಗಳು! ಒಂದು ಮಾತು ಸಾಕಿತ್ತು! ರೆಕ್ಕೆಯ ಪಕ್ಕದಲ್ಲಿ ನಿಂತು ಕೈ ಬೀಸಿ ಬೀಸಿ ಬೈಯತೊಡಗಿದ. ಗದ್ದಲದಲ್ಲಿ ಅವನ ಮಾತು ಅವನಿಗೇ ಕೇಳುತ್ತಿರಲಿಲ್ಲ. ಕೇಳಿಸಲೇಬೇಕೆಂಬ ಹಟಕ್ಕೆ ಒಂದು ಹೆಜ್ಜೆ ಮುಂದೆ ಹೋದ, ಇನ್ನೊಂದು ಹೋದ, ಬೈಗುಳದ ರಭಸಕ್ಕೆ ತೋಳು ಮೇಲೆತ್ತಿದ. ಎರಡು ಮೊಳ ದೂರದಲ್ಲಿ ಪ್ರೊಪೆಲ್ಲರು ಕಣ್ಣಿಗೇ ಕಾಣದ ಹಾಗೆ ತಿರುಗುತ್ತಿತ್ತು.

"ಲೇಯ್ ಪುಟ್ಟಬಸಪ್ಪ! ಇಂದಕ್ಕೋಗ್ಲಾ! ಕೈ ಓಯ್ತದೆ ಕಣ್ಲಾ!"

ಎಂಜಿನ್ನು ನಿಂತಿತು. ಸ್ವಿಚ್ಚು ಆರಿಸಿದ ಶಾಂತರಾಜು ಸೀಟಿನಿಂದ ಅರ್ಧ ಎದ್ದಿದ್ದ. ಅಣ್ಣ ಎನ್ನುತ್ತಿದ್ದ ಬಾಯಲ್ಲಿ ತಾನು ಏನೆಂದು ಕೂಗಿದೆ ಎಂಬುದು ಅವನಿಗೆ ಆಮೇಲೆ ಹೊಳೆದಿರಬೇಕು. ಬಾಗಿಲ ಬಳಿ ಪ್ರೇಮಾಳ ನಗು ನಿಂತಿತ್ತು. ಪ್ರೊಪೆಲ್ಲರು ಇನ್ನೂ ಎರಡು ಸುತ್ತು ನಿಧಾನಕ್ಕೆ ತಿರುಗಿ ನಿಂತಿತು.

ಪುಟ್ಟಬಸಪ್ಪ ಎತ್ತಿದ ತೋಳನ್ನು ಇಳಿಸಿದ. ಆ ತೋಳನ್ನೇ ಒಂದು ಗಳಿಗೆ ನೋಡಿಕೊಂಡ, ಬಲಗೈ ಅದು. ಮೇಜಿನ ಹತ್ತಿರ ಹೋಗಿ ಆರಿದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು, ಕಾಗದದ ಲೋಟವನ್ನು ಮುದುರಿ ಎಸೆದ.

"ಈಗ್ ಬಂತು ನೋಡು ಬಾಯಿ," ಎಂದ. "ನಾಕ್ ತಿಂಗ್ಳಿಂದ ಎಲ್ಲಿಟ್ಟಿದ್ದೆ ಇದ್ನ?"